ಅನ್ನದ ಗೆರೆಗಳು

ತೊಣ್ಣೂರು
ನಳ ಸಂವತ್ಸರದ ಪುಷ್ಯ ಶುದ್ಧ ಪಂಚಮಿ

ಪಟ್ಟಣದ ಅಕ್ಕಸಾಲಿಗರ ಕೇರಿಯ ಬೀಗಿತ್ತಿ ದೊಡ್ಡತಾಯಮ್ಮನವರಿಗೆ ತೊಣ್ಣೂರಿನ ವರಲಕ್ಷ್ಮಮ್ಮನ ನಮಸ್ಕಾರ. ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿಸಿ ಎಂದು ಇಲ್ಲಿ ಬರೆಯುವುದು ರೂಢಿ. ನಾವು ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮವನ್ನು ಕೇಳುವ ಮನಸ್ಸು ಇವತ್ತು ನನಗಿಲ್ಲ.

ನನ್ನ ಅಜ್ಜಿ ಬಸುರಿಯರ ಮುಂದೆ ಕೂತು ಹಾಡುತ್ತಿದ್ದ ಹಾಡಿನ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. 'ಬಸುರಾದ ಮಗಳ ಮೈ ಪುಟವಿಟ್ಟ ಚಿನ್ನ' ಎಂಬಷ್ಟು ನೆನಪಿದೆ. ಮುಂದೆ ದೀಪವೋ ಬೆಳದಿಂಗಳೋ ಏನೋ ಇತ್ತು, ಮರೆತಿದೆ. ಮರೆತದ್ದು ಹೋಗಲಿ, ನೆನಪಿರುವುದಾದರೂ ನಿಜವೇ? ಬಸುರಿಯ ಸೀರೆ ಸಡಿಲಿಸಿ ಸೊಂಟಕ್ಕೆ ಎಣ್ಣೆ ಹಚ್ಚಿದವರು ಯಾರೂ ಈ ಸಾಲನ್ನು ಕಟ್ಟಿರಲಾರರು. ಬಸುರಿಯ ಕೆನ್ನೆಯ ಮೇಲೆ ಬಂಗು ಬರುತ್ತದೆ. ಕತ್ತಿನ ಮಡಿಕೆ, ಕಂಕುಳು ಕಪ್ಪಾಗುತ್ತವೆ. ಹೊಕ್ಕುಳಿಂದ ಕೆಳಕ್ಕೆ ಯಾರೋ ಮಸಿಯಲ್ಲಿ ಎಳೆದಂತೆ ಒಂದು ಗೆರೆ ಇಳಿಯುತ್ತದೆ. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ, ಸಂಜೆಯಾದರೆ ಕಾಲು ಊದಿ ಕಾಲುಂಗುರ ಬೆರಳನ್ನು ಕಚ್ಚುತ್ತದೆ. ಹೊಟ್ಟೆ ಬೆಳೆದ ವೇಗಕ್ಕೆ ಚರ್ಮ ತಾಳಲಾರದೆ ಒಳಗೊಳಗೇ ಬಿಟ್ಟುಕೊಂಡು ಕೆಂಪಾಗಿ, ನೇರಳೆಯಾಗಿ ಗೆರೆ ಬೀಳುತ್ತದೆ. ಆ ಗೆರೆಗಳು ತುರಿಸುತ್ತವೆ, ನಿದ್ದೆ ಕೊಡುವುದಿಲ್ಲ. ಹಾಡಿನಲ್ಲಿ ಇವು ಒಂದೂ ಇಲ್ಲ. ಹಾಡಿನಲ್ಲಿ ಇಲ್ಲದ್ದನ್ನು ಕಣ್ಣಾರೆ ಕಂಡಾಗ ಹೆತ್ತ ಹೆಂಗಸರೇ ಹೆದರಿಕೊಳ್ಳುತ್ತಾರೆ. ನೀವು ಹೆದರಿಕೊಂಡಿರಿ. ಹೆದರಿಕೊಂಡು ಸುಮ್ಮನಿದ್ದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ನಿಮಗೆ ಓದಲು ಬರುವುದಿಲ್ಲ. ಹಂಗಿಸಲು ಹೇಳುತ್ತಿಲ್ಲ, ನಮ್ಮ ಕುಲದ ಹೆಂಗಸರಲ್ಲಿ ಯಾರಿಗೆ ಬರುತ್ತದೆ? ನನ್ನ ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲವೆಂದು ನನ್ನನ್ನೇ ಮರಳಿನ ಮುಂದೆ ಕೂರಿಸಿ ತಿದ್ದಿಸಿದರು, ಅಷ್ಟೆ. ನಿಮ್ಮ ಯಜಮಾನರಿಗೆ ಕಣ್ಣು ಮಂಜು. ದೊಡ್ಡ ಮಗ ಹಗಲೆಲ್ಲ ಟಂಕಸಾಲೆಯಲ್ಲಿರುತ್ತಾನೆ. ಹಾಗಾಗಿ ಈ ಕಾಗದವನ್ನು ನಿಮಗೆ ಓದಿ ಹೇಳುವವನು ಚಿಕ್ಕ ಮಗ ಲಕ್ಷ್ಮಣನೇ, ನನ್ನ ಅಳಿಯನೇ. ಅದನ್ನು ತಿಳಿದೇ ಬರೆಯುತ್ತಿದ್ದೇನೆ. ಅಳಿಯಂದಿರೇ, ಒಂದು ಸಾಲನ್ನೂ ನುಂಗದೆ ಓದಿ. ಕಾಗದ ತಂದುಕೊಟ್ಟ ಎಲೆ ವ್ಯಾಪಾರದ ನರಸಯ್ಯ ನಿಮ್ಮ ಜಗಲಿಯ ಮೇಲೇ ಕೂತಿರುತ್ತಾನೆ. ಪೂರ್ತಿ ಓದಿದ್ದು ಕಿವಿಗೆ ಬೀಳುವವರೆಗೆ ಏಳಬೇಡ ಎಂದು ಹೇಳಿ ಕಳಿಸುತ್ತೇನೆ.

ಹೆಂಗಸರ ಮೈಯ ವಿಚಾರವನ್ನು ಗಂಡಸಿನ ಬಾಯಲ್ಲಿ ಓದಿಸುವುದು ನಾಚಿಕೆಗೇಡು ಎನ್ನುತ್ತೀರಿ. ಹೌದು. ಕೇರಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಬಳೆಗಾರನ ಎದುರಿಗೆ, ನೀವು ಆಡಿದ್ದು ಏನು?

ಕಾರ್ತಿಕದ ಆ ದಿನದಿಂದಲೇ ಬರೆಯುತ್ತೇನೆ. ಏಳನೆಯ ತಿಂಗಳಿನಲ್ಲಿ ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಬಸುರಿಯನ್ನು ತವರಿಗೆ ಕಳಿಸಿಕೊಡುವುದು ನಮ್ಮಲ್ಲೂ ಇದೆ, ನಿಮ್ಮಲ್ಲೂ ಇದೆ. ನಾವು ಬೆಳಗ್ಗೆಯೇ ಗಾಡಿ ಕಟ್ಟಿದ್ದೆವು. ತಂಬಿಟ್ಟು, ಚಿಗಳಿ, ಮಡಿಲಕ್ಕಿ, ಹೊಸ ಸೀರೆ ಎಲ್ಲವೂ ಗಾಡಿಯಲ್ಲಿತ್ತು. ಕೋಟೆಯ ಬಾಗಿಲಲ್ಲಿ ಕಾವಲಿನವರು ನಿಲ್ಲಿಸಿ ಕುಕ್ಕೆಗಳನ್ನೆಲ್ಲ ಇಳಿಸಿ ನೋಡಿದರು, ತಡವಾಯಿತು. ಮುಹೂರ್ತ ಮೀರುತ್ತದೆಂದು ನಮಗೆ ಕಾಯದೆ ನೀವು ಶಾಸ್ತ್ರ ಶುರು ಮಾಡಿದಿರಿ. ಅದಕ್ಕೆ ನನಗೆ ಸಿಟ್ಟಿಲ್ಲ. ನಾವು ಇಳಿದಾಗ ನನ್ನ ಮಗಳು ಕಾಳಿ ನಿಮ್ಮ ಜಗಲಿಯ ಕಂಬಕ್ಕೆ ಒರಗಿ ಒಬ್ಬಳೇ ಕೂತಿದ್ದಳು. ಎಡಗೈಯಲ್ಲಿ ಹಸಿರು ಬಳೆ ತುಂಬಿತ್ತು. ಬಲಗೈ ಬರಿದಾಗಿತ್ತು. ಅಳತೆಯ ಬಳೆ ಸಾಲದೆ ಬಳೆಗಾರ ತರಲು ಹೋಗಿದ್ದಾನೆ ಎಂದುಕೊಂಡೆ ನಾನು. ನಗುತ್ತಲೇ ಗಾಡಿಯಿಂದ ಇಳಿದೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಡೆದದ್ದನ್ನು ಕಾಳಿ ಹೇಳಲಿಲ್ಲ. ಬಳೆಗಾರ ದ್ಯಾವಯ್ಯ ನಮ್ಮೂರ ಕಡೆ ಬಂದಾಗ ಹೇಳಿದ. ಎಡಗೈ ಮುಗಿಸಿ ಬಲಗೈ ಹಿಡಿಯುವಾಗ ಅವಳ ಸೆರಗು ಸರಿದು ಸೊಂಟದ ಚರ್ಮ ಕಂಡಿತಂತೆ. ನಿಮ್ಮ ನಾದಿನಿ, ಇದೇನು ಹಿಂಗೆ ಗಾಯವಾಗಿದೆ ಎಂದು ಕೇಳಿದರಂತೆ. ಆಗ ನೀವು ಎಲ್ಲರಿಗೂ ಕೇಳುವಂತೆ ಹೇಳಿದಿರಿ.

"ಗಾಯ ಅಲ್ಲ ಕಣ್ರವ್ವ, ಗೆರೆ. ಕೆಂಪಿಂದು ಈಗಿಂದು, ಬಿಳೀದು ಹಳೇದು. ಇದು ಮೊದ್ಲೇ ಒಂದ್ಸಲ ಕಾದಿರೋ ತಗಡು."

ಅಕ್ಕಸಾಲಿಗರ ಮನೆಯ ಹೆಂಗಸರಿಗೆ ಈ ಮಾತನ್ನು ಬಿಡಿಸಿ ಹೇಳಬೇಕೆ? ಒಮ್ಮೆ ಕಾಯಿಸಿ ಬಡಿದು ಬಿಟ್ಟ ತಗಡನ್ನು ಮತ್ತೆ ಹಿಗ್ಗಿಸಿದರೆ ಹಳೆಯ ಬಿರುಕು ಬೇರೆಯಾಗಿ ಕಾಣುತ್ತದೆ. ಈ ಹುಡುಗಿಗೆ ಹಿಂದೆಯೇ ಒಂದು ಬಸುರಾಗಿತ್ತು ಎಂದು ನೀವು ಹೇಳಿದಿರಿ. ಅದೂ ಸಾಲದೆ, ದಂಡು ಬಂದ ವರ್ಷ ಇವಳು ಎಲ್ಲಿದ್ದಳೋ ಅವರವ್ವನಿಗೇ ಗೊತ್ತು ಎಂದಿರಿ. ದ್ಯಾವಯ್ಯನಿಗೆ ಏಳು ಎಂದಿರಿ. ಒಂದು ಕೈ ತೊಡಿಸಿ ಇನ್ನೊಂದು ಬಿಟ್ಟು ಎದ್ದರೆ ತನ್ನ ಬಳೆಯ ಮಲಾರಕ್ಕೆ ಕೇಡು ಎಂದು ಅವನು ಬೇಡಿಕೊಂಡನಂತೆ. ಕೊನೆಗೆ ನಿಮ್ಮ ಮನೆಯವರೇ ಮಲಾರವನ್ನು ಎತ್ತಿ ಬೀದಿಗೆ ಇಟ್ಟರಂತೆ.

ನಾನು ನಿಮ್ಮ ಬಾಗಿಲು ತಟ್ಟಿದೆ. ನೀವು ಬರಲಿಲ್ಲ. ನಿಮ್ಮ ದೊಡ್ಡ ಸೊಸೆ ಜಯಲಕ್ಷ್ಮಮ್ಮ ಬಂದು, ನೆಲ ನೋಡುತ್ತ, ಕರೆದುಕೊಂಡು ಹೋಗಬೇಕಂತೆ ಎಂದಳು. ಮಾಘದ ಹುಣ್ಣಿಮೆಗೆ ಹಿರೋಡೆಯಲ್ಲಿ ಕುಲದ ಕಟ್ಟೆ ಸೇರುತ್ತದಂತೆ, ಅಲ್ಲಿ ಹಿರಿಯರ ಮುಂದೆ ತೀರ್ಮಾನವಂತೆ. ಆ ಕಟ್ಟೆಯಲ್ಲಿ ನಿಮ್ಮ ಮಾತು ನಿಂತರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಕಾಳಿ ಕುಲದಿಂದ ಹೊರಗೆ ಬೀಳುತ್ತಾಳೆ. ಹುಟ್ಟುವ ಮಗುವಿಗೆ ತಂದೆಯ ಹೆಸರಿರುವುದಿಲ್ಲ. ಅದನ್ನು ಯಾರೂ ಕುಲುಮೆಯ ಮುಂದೆ ಕೂರಿಸಿ ಕೆಲಸ ಕಲಿಸುವುದಿಲ್ಲ, ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ, ಹೆಣ್ಣಾದರೆ ಕೇಳುವುದಿಲ್ಲ, ಗಂಡಾದರೆ ಕೊಡುವುದಿಲ್ಲ.

ಜಯಲಕ್ಷ್ಮಮ್ಮ ಮಾತಾಡುತ್ತಿರುವಾಗ ಅವಳ ಹಿಂದೆ, ಕದದ ಸಂದಿಯಲ್ಲಿ, ಒಂದು ಜೊತೆ ಪಾದ ಕಂಡೆ. ಮದುವೆಯ ದಿನ ನಾನೂ ನಮ್ಮ ಯಜಮಾನರೂ ಹಾಲು ನೀರು ಹಾಕಿ ತೊಳೆದ ಪಾದಗಳು ಅವು. ಗುರುತು ಸಿಗದೆ ಇರುತ್ತದೆಯೇ? ಅವು ಹೊಸಿಲು ದಾಟಲಿಲ್ಲ.

ಲಕ್ಷ್ಮಣಾ, ಬೇಕಾದರೆ ಇಲ್ಲಿ ನೀರು ಕುಡಿದು ಮುಂದೆ ಓದು. ಅಳಿಯನನ್ನು ನೀವು ಎನ್ನಬೇಕು. ಆ ಪಾದ ಹೊಸಿಲು ದಾಟಿದ್ದರೆ ಎನ್ನುತ್ತಿದ್ದೆ.

ಇನ್ನು ಆ ಗಾಯದ ವಿಚಾರ. ಅದನ್ನು ನಾನು ತೊಣ್ಣೂರಿಗೆ ಬಂದ ಮೇಲೆ, ಎಣ್ಣೆ ನೀರು ಹಾಕುವಾಗ ಕಂಡೆ. ಕಾಳಿ ಬಚ್ಚಲಿಗೆ ನನ್ನನ್ನು ಬಿಟ್ಟುಕೊಳ್ಳಲು ಒಪ್ಪಲಿಲ್ಲ. ತಾನೇ ಸ್ನಾನ ಮಾಡುತ್ತೇನೆ ಎಂದು ಹಟ ಮಾಡಿದಳು. ನಾನು ಗದರಿಸಿ ಒಳಗೆ ಹೋದೆ. ದೊಡ್ಡತಾಯಮ್ಮನವರೇ, ಅವಳ ಹೊಟ್ಟೆಯ ಎರಡು ಪಕ್ಕವೂ ಸೊಂಟವೂ ಸುಲಿದಿತ್ತು. ಕೆಲವು ಕಡೆ ಹಕ್ಕಳೆ, ಕೆಲವು ಕಡೆ ಹಸಿ. ಸೀರೆಯ ನೆರಿಗೆ ಅಂಟಿಕೊಂಡು ಬಿಡಿಸುವಾಗ ಅವಳು ತುಟಿ ಕಚ್ಚಿಕೊಂಡಳೇ ಹೊರತು ಅಳಲಿಲ್ಲ. ಯಾರು ಮಾಡಿದ್ದು ಎಂದು ಕೇಳಿದೆ.

"ನಾನೇ ಕಣವ್ವ. ಹುಣ್ಸೆಹಣ್ಣು ಉಪ್ಪು ಹಾಕಿ ನಾರಲ್ಲಿ ಉಜ್ಜು, ಹೊಸ್ದಾದ್ರೆ ಓಯ್ತದೆ ಅಂದ್ರು ಅತ್ತೆ. ದಿನಾ ಉಜ್ಜಿದೆ. ಓಗ್ನಿಲ್ಲ."

ಒಡವೆಗೆ ಬಣ್ಣ ಬರಿಸುವ ಹುಣಸೆಹಣ್ಣು. ಕಿಲುಬು ಬಿಡಿಸುವ ಉಪ್ಪು. ಮೇಲೆ ಹತ್ತಿದ ಕೊಳೆ ಹುಳಿಗೆ ಬಿಡುತ್ತದೆ, ಲೋಹದ ಒಳಗಿನ ಬಿರುಕು ಬಿಡುವುದಿಲ್ಲ ಎಂಬುದು ನಮ್ಮ ಕಸುಬಿನ ಲೆಕ್ಕಾಚಾರ. ಅದನ್ನು ನೀವು ಬಸುರಿಯ ಹೊಟ್ಟೆಯ ಮೇಲೆ ಪರೀಕ್ಷೆಗೆ ಇಟ್ಟಿರಿ. ಗೆರೆ ಹೋಗಲಿಲ್ಲ, ಆದ್ದರಿಂದ ಹಳೆಯದು. ಹಳೆಯದು, ಆದ್ದರಿಂದ ಕೆಟ್ಟವಳು. ಇಷ್ಟು ಸುಲಭ. ಹಗಲೂ ರಾತ್ರಿ ಚಿನ್ನ ಬೆಳ್ಳಿಯ ನಡುವೆ ಇರುವ ನಮಗೆ ಚರ್ಮ ಎಂದರೇನು ಎಂಬುದೇ ಮರೆತುಹೋಗಿದೆ. ತಗಡಿಗೆ ಹಸಿವಾಗುವುದಿಲ್ಲ. ತಗಡು ಮೈ ಕೈ ತುಂಬಿಕೊಳ್ಳುವುದಿಲ್ಲ. ತಗಡು, ಅತ್ತೆಗೆ ಮೆಚ್ಚುಗೆಯಾಗಲಿ ಎಂದು ತನ್ನನ್ನು ತಾನೇ ಉಜ್ಜಿಕೊಳ್ಳುವುದಿಲ್ಲ.

ಬೆಣ್ಣೆ, ಲೋಳೆಸರ ಹಚ್ಚಿ ಹಚ್ಚಿ ಗಾಯ ಒಣಗಿಸಿದೆ. ಮಾಗಿದ ಮೇಲೆ ನೋಡಿದರೆ ಗೆರೆಗಳು ಇದ್ದಲ್ಲೇ ಇದ್ದವು. ಇರುತ್ತವೆ. ಎಣ್ಣೆ ಹಚ್ಚಿದರೆ ತುರಿಕೆ ಕಡಿಮೆಯಾಗುತ್ತದೆ, ಗೆರೆ ಹೋಗುವುದಿಲ್ಲ. ಕೆಂಪು ಮಾಸಿ ಬೆಳ್ಳಗಾಗುತ್ತದೆ, ಅಷ್ಟೆ.

ಒಳಗಿನಿಂದ ಕರೆದರು. ಹಂಡೆಯ ಒಲೆಗೆ ಇನ್ನೆರಡು ಸೌದೆ ಹಾಕಿ ಬಂದೆ. ಕೈ ಒದ್ದೆ ಇರುವುದರಿಂದ ಈ ಸಾಲಿನಲ್ಲಿ ಮಸಿ ಕದಡಿದೆ. ಬಿಡಿಸಿ ಓದು, ಲಕ್ಷ್ಮಣಾ.

ಬಿಳಿ ಗೆರೆ ಹಳೆಯದು ಎಂದಿರಿ. ಅದು ಸರಿ. ಅಷ್ಟು ಮಾತ್ರ ನೀವು ಸರಿ ಹೇಳಿದಿರಿ. ಅವು ಯಾವ ವರ್ಷದವು ಎಂದು ನನ್ನನ್ನು ಕೇಳಿದ್ದರೆ ನಾನೇ ಹೇಳುತ್ತಿದ್ದೆ. ನೀವು ಕೇಳಿದ್ದು ನನ್ನನ್ನಲ್ಲ, ಹುಣಸೆಹಣ್ಣನ್ನು.

ದಂಡು ಬಂದ ವರ್ಷ ನಾವು ಎಲ್ಲಿದ್ದೆವು ಎಂಬುದು ಗುಟ್ಟಲ್ಲ. ಹಿರೋಡೆಯ ಗುಡ್ಡದ ಸುತ್ತ ಡೇರೆ ಬಿದ್ದಾಗ ತೊಣ್ಣೂರಿನಲ್ಲಿ ಇರುವಂತಿರಲಿಲ್ಲ. ನಾಗಮಂಗಲಕ್ಕೆ ಹೋಗೋಣವೆಂದರೆ ಅಲ್ಲಿ ಊರೇ ಹಾಳಾಗಿದೆ ಎಂದು ದಾರಿಯಲ್ಲಿ ಎದುರಾದವರು ಹೇಳಿದರು. ತಿರುಗಿ ಅತ್ತಿಕುಪ್ಪೆಯ ನನ್ನ ತಂಗಿಯ ಮನೆಗೆ ಹೋದೆವು. ಒಂದು ಕೋಣೆಯಲ್ಲಿ ಮೂರು ಸಂಸಾರ. ಕುಲುಮೆ ಹೊತ್ತಿಸುವ ಹಾಗಿಲ್ಲ, ಹೊಗೆ ಕಂಡರೆ ಯಾರಾದರೂ ಬರುತ್ತಾರೆ. ಎತ್ತಿನ ಮೇಲೆ ಹೇರಿ ತಂದ ಧಾನ್ಯವನ್ನೆಲ್ಲ ದಂಡಿನವರು ಕೊಂಡೊಯ್ದಿದ್ದರು. ಹಾಗಲ ಸೊಪ್ಪು, ಕಾಡು ಗೆಣಸು, ಹುಣಸೆಬೀಜ ಹುರಿದು ತಿಂದೆವು. ಅದರ ಮೇಲೆ ಕಾಳಿಗೆ ಚಳಿಜ್ವರ ಬಂದು ಬಿಡದೆ ಕಾಡಿತು. ಅವಳ ಬೆನ್ನು ಉಜ್ಜಿದರೆ ನನ್ನ ಕೈಗೆ ಎಲುಬು ಸಿಗುತ್ತಿತ್ತು. ಇವಳೂ ಹೋಗುತ್ತಾಳೆ ಎಂದೇ ನಾನು ತಿಳಿದಿದ್ದೆ.

ಹೋಗಲಿಲ್ಲ. ಮರುವರ್ಷ ಮಳೆ ಚೆನ್ನಾಗಿ ಆಯಿತು, ಕೆರೆ ತುಂಬಿತು, ರಾಗಿ ಬಂತು. ಕಾಳಿ ತಿಂದಳು. ನನಗೆ ಭಯವಾಗುವಷ್ಟು ತಿಂದಳು. ಮುದ್ದೆ ಮುಗಿಸಿ ತಟ್ಟೆಯಲ್ಲಿ ಉಳಿದ ಸಾರನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದಳು. ಒಂದೇ ಮಳೆಗಾಲದಲ್ಲಿ ಕಡ್ಡಿಯ ಹಾಗಿದ್ದವಳ ಮೈ ತುಂಬಿತು, ರವಿಕೆಗಳು ಒಂದೂ ಆಗದೆ ಹೋದವು. ಸೊಂಟದ ಮೇಲೆ, ತೊಡೆಯ ಮೇಲೆ, ತೋಳಿನ ಒಳಭಾಗದಲ್ಲಿ ಗೆರೆ ಬಿದ್ದವು. ಮೊದಲು ಕೆಂಪಗಿದ್ದವು, ಯುಗಾದಿಯ ಹೊತ್ತಿಗೆ ಬೆಳ್ಳಗಾದವು. ಆ ಗೆರೆಗಳನ್ನು ಕಂಡು ನಾನು ಕುಲದೇವಿಗೆ ತುಪ್ಪದ ದೀಪ ಹಚ್ಚಿದ್ದೆ. ನನ್ನ ಮಗಳು ಸಾಯಲಿಲ್ಲ ಎಂದು ಅವಳ ಮೈ ನನಗೆ ಹೇಳಿತ್ತು. ಅವು ಅನ್ನದ ಗೆರೆಗಳು, ದೊಡ್ಡತಾಯಮ್ಮನವರೇ. ಹಸಿದ ಮೈಗೆ ಅನ್ನ ಸಿಕ್ಕ ಗುರುತು. ನೀವು ಅದನ್ನು ನಾರಿನಿಂದ ಉಜ್ಜಿಸಿದಿರಿ.

ಅವಳಿಗೆ ಆ ವರ್ಷ ಏನೂ ಆಗಲಿಲ್ಲ. ಇದನ್ನು ಬರೆಯಬೇಕಾಗಿ ಬಂದದ್ದಕ್ಕೇ ನನ್ನ ಸಿಟ್ಟು. ಆಗಿದ್ದರೆ? ಆಗಿದ್ದರೆ ಅವಳನ್ನು ನಾನು ಹೊರಗೆ ಹಾಕುತ್ತಿದ್ದೆನೇ? ಬೇರೆಯವರ ಪಾಪದ ಬೂದಿಯನ್ನು ಮಗಳ ಹಣೆಗೆ ಬಳಿಯುತ್ತಿದ್ದೆನೇ? ನನ್ನ ತಂಗಿಯ ಪಕ್ಕದ ಮನೆಯ ಹುಡುಗಿಗೆ ಆಯಿತು. ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಕೆರೆಯ ಏರಿಯಿಂದ ಅವಳನ್ನು ಕರೆತಂದು ಮೈ ತೊಳೆದವರಲ್ಲಿ ನಾನೂ ಒಬ್ಬಳು. ಅವಳ ಮೈಯ ಮೇಲೆ ಒಂದೇ ಒಂದು ಗೆರೆ ಇರಲಿಲ್ಲ. ನಿಮ್ಮ ಪರೀಕ್ಷೆಯಲ್ಲಿ ಅವಳು ಹೊಸ ಚಿನ್ನ, ನನ್ನ ಮಗಳು ಕಾದ ತಗಡು. ಈಗ ಹೇಳಿ, ನಿಮ್ಮ ಪರೀಕ್ಷೆ ಯಾವ ಪರೀಕ್ಷೆ?

ದಂಡಿನ ಗಲಾಟೆಯಲ್ಲಿ ಗಂಡು ಹುಡುಕುವುದು ತಡವಾಯಿತು, ಇಪ್ಪತ್ತು ತುಂಬಿದ ಮೇಲೆ ಮದುವೆಯಾಯಿತು. ಅಷ್ಟು ವಯಸ್ಸಾದ ಹುಡುಗಿ ಎಂದು ನೀವು ಆಗ ಮೂಗು ಮುರಿದಿರಿ, ಆಮೇಲೆ ಒಪ್ಪಿದಿರಿ. ಒಪ್ಪಿದ ಮೇಲೂ ಒಳಗೆ ಒಂದು ಅನುಮಾನ ಇಟ್ಟುಕೊಂಡಿದ್ದಿರಿ ಎಂದು ಈಗ ತಿಳಿಯಿತು. ಗೆರೆ ಕಂಡಾಗ ಅದಕ್ಕೆ ಕೂರಲು ಜಾಗ ಸಿಕ್ಕಿತು.

ನಮ್ಮ ಯಜಮಾನರಿಗೆ ಈ ಕಾಗದ ಬೇಡವಾಗಿದೆ. ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕಂತೆ, ಕಾಗದ ಬರೆದು ಜಗಳ ಕಾಯಬಾರದಂತೆ. ಚಿನಕುರಳಿಗೆ ಕೆಲಸದ ಮೇಲೆ ಹೊರಟು ನಿಂತವರು, ಬುಡು, ನಾನೇ ಪಟ್ಟಣಕ್ಕೆ ಹೋಗಿ ಕಾಲು ಹಿಡ್ಕತೀನಿ ಎಂದರು. ಯಾರ ಕಾಲು ಎಂದು ಕೇಳಿದೆ. ಚೀಲ ಹೆಗಲಿಗೇರಿಸಿ ಹೊರಟರು. ಒಳ್ಳೆಯ ಮನುಷ್ಯ. ಒಳ್ಳೆಯ ಗಂಡಸರಿಂದಲೇ ನನಗೆ ಹೆಚ್ಚು ಸಾಕಾಗಿದೆ.

ಈಗ ನಿನ್ನ ಸರದಿ, ಲಕ್ಷ್ಮಣಾ.

ಮದುವೆಯ ಹಿಂದಿನ ದಿನ ನಿನಗೆ ಅರಿಶಿನ ಎಣ್ಣೆ ಹಚ್ಚುವ ಶಾಸ್ತ್ರದಲ್ಲಿ ನಿನ್ನ ಹೆಗಲಿಗೆ ಎಣ್ಣೆ ತಿಕ್ಕಿದವರಲ್ಲಿ ನಾನಿದ್ದೆ. ನಿನ್ನ ಎರಡೂ ಹೆಗಲ ಮುಂದೆ, ಕಂಕುಳಿನಿಂದ ಎದೆಯ ಕಡೆಗೆ, ಬಿಳಿ ಗೆರೆಗಳು ಸಾಲಾಗಿ ಇದ್ದವು. ಥೇಟು ಕಾಳಿಯ ಸೊಂಟದ ಮೇಲಿರುವಂಥವೇ. ನಾನು ಅದನ್ನು ನೋಡಿದ್ದು ನಿನ್ನ ತಾಯಿಯ ಕಣ್ಣಿಗೆ ಬಿತ್ತು. ನಾನು ಏನೂ ಕೇಳಲಿಲ್ಲ, ಅವರಾಗಿಯೇ ಹೆಮ್ಮೆಯಿಂದ ಹೇಳಿದರು.

"ಗರಡಿ ಮೈ ಕಣಮ್ಮ. ಒಂದೇ ವರ್ಸ ಸಾಮು ಮಾಡಿ ಈ ಪಾಟಿ ತುಂಬ್ಕೊಂಡ, ತೊಗ್ಲು ತಾಳ್ನಿಲ್ಲ."

ದೊಡ್ಡತಾಯಮ್ಮನವರೇ, ಇದು ನಿಮ್ಮದೇ ಮಾತು. ಮೈ ತುಂಬುವ ವೇಗಕ್ಕೆ ತೊಗಲು ತಾಳದಿದ್ದರೆ ಗೆರೆ ಬೀಳುತ್ತದೆ ಎಂದು ನಿಮಗೆ ಗೊತ್ತಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗನ ಹೆಗಲ ಮೇಲೆ ಅದು ಗರಡಿಯ ಗುರುತು, ಸೊಸೆಯ ಸೊಂಟದ ಮೇಲೆ ಬೀದಿಯ ಗುರುತು. ಕಾದ ತಗಡು ಎನ್ನುವುದಾದರೆ ನಿಮ್ಮ ಮಗ ಯಾವಾಗ ಕಾದ? ಎಲ್ಲಿ ಹೆತ್ತ? ಆ ಕೂಸನ್ನು ಎಲ್ಲಿ ಬಿಟ್ಟು ಬಂದ?

ಲಕ್ಷ್ಮಣಾ, ಓದುವುದನ್ನು ಒಂದು ಗಳಿಗೆ ನಿಲ್ಲಿಸು. ಹೊದ್ದಿರುವ ವಸ್ತ್ರ ತೆಗೆ. ನಿನ್ನ ತಾಯಿಯ ಕೈ ಹಿಡಿದು ಆ ಗೆರೆಗಳ ಮೇಲೆ ಇಡು. ಅಮ್ಮ, ಇದೂ ಹಳೆಯದು, ಇದೂ ಬಿಳಿ, ಇದನ್ನೂ ಹುಣಸೆಹಣ್ಣು ಹಾಕಿ ಉಜ್ಜಲೇ ಎಂದು ಕೇಳು. ಕಾರ್ತಿಕದಲ್ಲಿ ಕದದ ಹಿಂದೆ ನಿಂತು ನೀನು ಮಾಡದೆ ಬಿಟ್ಟ ಕೆಲಸ ಇದು. ನಿನ್ನ ಹೆಂಡತಿಯ ಪರವಾಗಿ ನೀನು ಏನೂ ವಾದಿಸಬೇಕಾಗಿರಲಿಲ್ಲ. ಅಂಗಿ ತೆಗೆದು ನಿಂತಿದ್ದರೆ ಸಾಕಿತ್ತು. ಯಾಕೆ ನಿಲ್ಲಲಿಲ್ಲ ಎಂದು ಕಾಳಿ ನನ್ನನ್ನು ಒಮ್ಮೆಯೂ ಕೇಳಿಲ್ಲ. ನಾನೇ ದಿನವೂ ಕೇಳಿಕೊಳ್ಳುತ್ತಿದ್ದೇನೆ.

ಆಯಿತೇ? ಇನ್ನು ಮುಂದೆ ಓದು.

ನನ್ನ ಹೊಟ್ಟೆಯ ಮೇಲೂ ಗೆರೆಗಳಿವೆ. ನಾನು ಮೂರು ಹೆತ್ತೆ, ಉಳಿದದ್ದು ಕಾಳಿ ಒಬ್ಬಳೇ. ಮೊದಲೆರಡು ಗಂಡು ಮಕ್ಕಳು. ಅವರಿಗೆ ತೊಡಿಸಿದ ಉಡುದಾರ ಇಲ್ಲ, ಮಲಗಿಸಿದ ತೊಟ್ಟಿಲು ದಂಡಿನ ವರ್ಷ ಸೌದೆಯಾಯಿತು, ಮಣ್ಣು ಮಾಡಿದ ಜಾಗದ ಮೇಲೆ ಈಗ ಯಾರದೋ ಹುರುಳಿ ಹೊಲ. ಅವರು ಇದ್ದರು ಎನ್ನುವುದಕ್ಕೆ ಈ ಭೂಮಿಯ ಮೇಲೆ ಉಳಿದಿರುವುದು ನನ್ನ ಹೊಟ್ಟೆಯ ಮೇಲಿನ ಗೆರೆಗಳು ಮಾತ್ರ. ಸ್ನಾನ ಮಾಡುವಾಗ ಒಂದೊಂದು ದಿನ ಅದರ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತೇನೆ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಸಿಟ್ಟಿನಲ್ಲಿ ಇದೂ ಬಾಯಿಗೆ ಬಂತು.

ನೀವೂ ನಾಲ್ಕು ಹೆತ್ತವರು. ಮದುವೆಗೆ ಬಂದಾಗ ನಮ್ಮೂರ ಕೆರೆಯಲ್ಲಿ ಬೀಗರ ಕಡೆಯ ಹೆಂಗಸರೆಲ್ಲ ಒಬ್ಬರ ಬೆನ್ನು ಒಬ್ಬರು ತಿಕ್ಕುತ್ತ ಮೀಯುತ್ತಿದ್ದರೆ ನೀವು ಮಾತ್ರ ಸೀರೆಯನ್ನು ಕುತ್ತಿಗೆಯವರೆಗೆ ಬಿಗಿದುಕೊಂಡು ದೂರದಲ್ಲಿ ಮುಳುಗಿ ಎದ್ದಿರಿ. ನಿಮ್ಮ ಮಗಳಿಗೂ ಬೆನ್ನು ತಿಕ್ಕಲು ಬಿಡಲಿಲ್ಲ. ನಿಮ್ಮ ಮೈ ನೋಡಿ ಯಾರು ಏನು ಹೇಳಿದ್ದರು? ಯಾವಾಗ ಹೇಳಿದ್ದರು? ನನಗೆ ಗೊತ್ತಿಲ್ಲ. ಯಾರೋ ಹೇಳಿರಬೇಕು ಎಂದು ಅನ್ನಿಸುತ್ತದೆ. ಅದಕ್ಕೆ ನನಗೆ ಮರುಕವಿದೆ. ಆದರೆ ನಿಮ್ಮ ನೋವನ್ನು ನನ್ನ ಮಗಳ ಹೊಟ್ಟೆಯ ಮೇಲೆ ಉಜ್ಜಿ ಕಳೆದುಕೊಳ್ಳಲು ನಾನು ಬಿಡುವುದಿಲ್ಲ.

ಅವಳು ಈಗ ಹೇಗಿದ್ದಾಳೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡಿ ನೋಡುವುದನ್ನು ಬಿಟ್ಟಿದ್ದಾಳೆ. ಬಂಗು ಹೆಚ್ಚಾಗಿದೆ, ಹೆತ್ತ ಮೇಲೆ ಮಾಸುತ್ತದೆ ಎಂದರೆ ನಂಬುವುದಿಲ್ಲ. ಹೊಕ್ಕುಳು ಹೊರಗೆ ಬಂದಾಗ ಅದನ್ನೂ ಏನೋ ತಪ್ಪು ಎಂದುಕೊಂಡು ಮೂರು ಹೊತ್ತೂ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು, ನಾನು ಕಂಡು ಬಿಚ್ಚಿಸಿದೆ. ಮೈಯಲ್ಲಿ ಏನು ಹೊಸದಾಗಿ ಕಂಡರೂ ಇದು ಯಾವುದರ ಸಾಕ್ಷಿ ಎಂದು ಹೆದರುತ್ತಾಳೆ. ತನ್ನ ಮೈಯೇ ತನ್ನ ಮೇಲೆ ಚಾಡಿ ಹೇಳುತ್ತಿದೆ ಎಂಬ ಭಾವನೆ ಅವಳಲ್ಲಿ ಬೇರು ಬಿಟ್ಟಿದೆ. ಕುಲದ ಕಟ್ಟೆ ಅವಳನ್ನು ಹೊರಗೆ ಹಾಕಿದರೆ ನಾನು ತಾಳಿಕೊಳ್ಳುತ್ತೇನೆ. ಅವಳೇ ಅವಳನ್ನು ಹೊರಗೆ ಹಾಕಿಕೊಂಡರೆ ಎಲ್ಲಿಂದ ಕರೆತರಲಿ?

ಆದ್ದರಿಂದ ನನ್ನ ಮಾತು ಇಷ್ಟು. ಮಾಘದ ಹುಣ್ಣಿಮೆಗೆ ಮೊದಲು ನೀವು ತೊಣ್ಣೂರಿಗೆ ಬರಬೇಕು. ಅಂದು ಕೂತಿದ್ದ ಹೆಂಗಸರನ್ನೂ ಕರೆತರಬೇಕು, ದ್ಯಾವಯ್ಯನನ್ನೂ ಕರೆತರಬೇಕು. ನನ್ನ ಮಗಳ ಬಲಗೈಗೆ ಬಳೆ ತೊಡಿಸಿ, ನಾನು ಹೇಳಿದ್ದು ತಪ್ಪು ಎಂದು ಅವರೆಲ್ಲರ ಮುಂದೆ ನಿಮ್ಮ ಬಾಯಿಂದ ಬರಬೇಕು. ನನಗೆ ಹೇಳಬೇಡಿ, ಕಾಳಿಗೆ ಹೇಳಿ. ಎಡಗೈಯ ಬಳೆಗಳನ್ನು ಅವಳು ಇನ್ನೂ ತೆಗೆದಿಲ್ಲ. ಮಲಗಿದಾಗ ಬರಿಗೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾಳೆ.

ನೀವು ಬರದಿದ್ದರೆ ಹಿರೋಡೆಯ ಕಟ್ಟೆಗೆ ನಾನೇ ಬರುತ್ತೇನೆ. ಹೆಂಗಸರು ಕಟ್ಟೆಯಲ್ಲಿ ಮಾತಾಡುವ ರೂಢಿ ಇಲ್ಲ ಎನ್ನುತ್ತೀರಿ. ಹೆಂಗಸಿನ ಹೊಟ್ಟೆಯ ಮೇಲೆ ಕಟ್ಟೆ ಮಾತಾಡುವ ರೂಢಿಯಾದರೂ ಎಲ್ಲಿತ್ತು? ಗರಡಿಯಲ್ಲಿ ಮೈ ಬೆಳೆಸಿದ ಗಂಡಸರೆಲ್ಲ ಮೇಲಂಗಿ ತೆಗೆದು ಸಾಲಾಗಿ ಕೂರಲಿ ಎಂದು ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಆಮೇಲೆ ತೀರ್ಮಾನ ಮಾಡಲಿ.

ಹೆತ್ತ ಮೇಲೂ ಬಾಣಂತಿಯನ್ನು ನೋಡಲೆಂದು ಯಾರೂ ಹಣ್ಣು ಕಾಯಿ ಹಿಡಿದು ಬರಬೇಡಿ. ಮೊದಲು ಬಲಗೈ. ಆಮೇಲೆ ಮಗು.

ಇಂತಿ ನಿಮ್ಮ ಎಂದು ಬರೆಯಲಾರೆ.

ಕಾಳಿಯನ್ನು ಹೆತ್ತ
ವರಲಕ್ಷ್ಮಮ್ಮ

ಇನ್ನೊಂದು ಮಾತು. ಕಾಗದವನ್ನು ಮಡಿಸಿ ನರಸಯ್ಯನಿಗೆ ಕೊಡಬೇಕೆಂದು ಎದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಒಂದು ವಿಷಯವನ್ನು ಬೇಕೆಂದೇ ಮುಚ್ಚಿಟ್ಟಿದ್ದೆ. ಕಾಳಿಗೆ ಇವತ್ತು ಬೆಳಗಿನಿಂದ ನೋವು. ಪಕ್ಕದ ಮನೆಯ ಚಿಕ್ಕಬೋರಮ್ಮ ಅವಳ ಜೊತೆಗಿದ್ದಾಳೆ. ನಾನಿದ್ದರೆ ಅವಳು ನನ್ನ ಕೊರಳು ಬಿಡುವುದಿಲ್ಲ, ಹೆರಲು ತಿಣುಕುವುದಿಲ್ಲ ಎಂದು ನನ್ನನ್ನು ಹೊರಗೆ ಕಳಿಸಿದಳು. ಕೈಗೆ ಏನಾದರೂ ಕೆಲಸ ಬೇಕಿತ್ತು, ಕಾಗದ ಹಿಡಿದು ಕೂತೆ. ನೋವು ಬಂದಿದೆ ಎಂದು ಮೊದಲೇ ಬರೆದರೆ ಮಗುವಿನ ಆಸೆಗೆ ನಿಮ್ಮ ಮನಸ್ಸು ಕರಗೀತು. ನನಗೆ ಆ ಕರಗುವಿಕೆ ಬೇಡವಾಗಿತ್ತು. ಈಗ ತಾನೇ ಚಿಕ್ಕಬೋರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಲಕ್ಷ್ಮಣಾ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ, ನಿನ್ನ ತಾಯಿಗೆ ಕೇಳುವಂತೆ ಗಟ್ಟಿಯಾಗಿ ಓದು:

"ಎಣ್ಣು ಮಗ ಕಣವ್ವ, ಇಬ್ರೂ ಚೆಂದಾಗವ್ರೆ. ಆದ್ರೆ ನಿನ್ ಮಗ್ಳು ಮಗೀನ ಎತ್ಕೊಳ್ಳಕ್ಕೆ ಕೈ ಚಾಚ್ನಿಲ್ಲ. ಮೈ ಮ್ಯಾಲೆ ಗೆರೆ ಏನಾರ ಐತಾ, ಮೊದ್ಲು ಅದ್ನ ನೋಡಿ ಹೇಳಕ್ಕ ಅಂತಾವ್ಳೆ. ನೀನೇ ಬಂದು ಹೇಳು, ಬಾ."